ಚಳಿ ಮುಗಿಯುವ ಮುಂಚೆ ಇಬ್ಬರೂ ಒಮ್ಮೆ ಹಿತ್ತಲಿಗೆ ಬನ್ನಿ

ಸಂಕ್ರಾಂತಿ ಮುಗಿಸಿ ಮಕ್ಕಳು ಬೆಂಗಳೂರಿನ ಬಸ್ ಹತ್ತಿದ ಮೇಲೆ ಮನೆ ಬಿಕೋ ಅನ್ನುತ್ತದೆ. ಅರೇಬಿಕಾ ಕಾಫಿಯ ಕೊಯ್ಲು ಮುಗಿದಿರುತ್ತದೆ, ರೊಬಸ್ಟಾ ಇನ್ನೂ ನಡೆಯುತ್ತಿರುತ್ತದೆ. ಕಣದ ಒಂದು ಕಡೆ ಕಾಫಿ, ಇನ್ನೊಂದು ಕಡೆ ಮೆಣಸು. ಬೆಳಿಗ್ಗೆ ಹಂಚಿನಿಂದ ಇಬ್ಬನಿ ತೊಟ್ಟಿಕ್ಕುತ್ತದೆ, ಮಧ್ಯಾಹ್ನ ಬಿಸಿಲು ಚುರುಗುಟ್ಟುತ್ತದೆ, ಸಂಜೆ ಮತ್ತೆ ಸ್ವೆಟರ್ ಹುಡುಕಬೇಕು. ಮೈ ಒಡೆದಿರುತ್ತದೆ, ಮನಸ್ಸೂ ಒಣಗಿರುತ್ತದೆ.

ನಾನು ಮೂಡಿಗೆರೆ ಕಡೆಯವಳು. ಮದುವೆಯಾಗಿ 29 ವರ್ಷ. ನಮ್ಮದು ಸಣ್ಣ ತೋಟ. ಕೊಯ್ಲಿನ ಮೂರು ತಿಂಗಳು ನಮ್ಮಿಬ್ಬರ ಮಾತು ಏನಿರುತ್ತದೆ ಅಂತ ತೋಟದ ಮನೆಯವರಿಗೆಲ್ಲ ಗೊತ್ತು. ‘ಇವತ್ತು ಎಷ್ಟು ಕೆ.ಜಿ ಆಯ್ತು?’ ‘ನಾಳೆ ಎಷ್ಟು ಆಳು?’ ‘ರೇಟು ಎಷ್ಟಂತೆ?’ ಅಷ್ಟೇ. ಕೊಯ್ಲು ಮುಗಿಯುವಾಗ ಆ ಮೂರು ಪ್ರಶ್ನೆಯೂ ಇರುವುದಿಲ್ಲ. ಎದುರು ಬದುರು ಕೂತು ಊಟ ಮಾಡುತ್ತೇವೆ, ಆದರೆ ಮಾತು ಬರುವುದಿಲ್ಲ.

ನಾಲ್ಕು ವರ್ಷದ ಹಿಂದೆ ಹೀಗೇ ಜನವರಿ ಕೊನೆಯಲ್ಲಿ, ಕಾಫಿ ಈಗ ಮಾರಬೇಕೋ ಇನ್ನೂ ಕಾಯಬೇಕೋ ಅನ್ನುವ ವಿಚಾರಕ್ಕೆ ನಮ್ಮಿಬ್ಬರಿಗೂ ಜಗಳವಾಗಿತ್ತು. ಹತ್ತು ದಿನ ಸರಿಯಾಗಿ ಮಾತಿಲ್ಲ. ಒಂದು ಬೆಳಿಗ್ಗೆ ಇವರು ಹಿತ್ತಲ ಬಾಗಿಲಲ್ಲಿ ನಿಂತು ಕರೆದರು. ‘ಏನೇ, ಬಾ ಇಲ್ಲಿ.’ ‘ಏನ್ರೀ?’ ಅಂದೆ. ‘ಸುಮ್ನೆ ಬಾ.’

ಹೋಗಿ ನೋಡಿದರೆ ಹಾಲುವಾಣದ ಮರದ ಕೆಳಗೆ ನಿಂತಿದ್ದಾರೆ. ಅವರ ಹೆಗಲ ಮೇಲೆ, ನೀಲಿ ಸ್ವೆಟರ್ ಮೇಲೆ, ಗರಗಸದ ಹೊಟ್ಟಿನಂಥ ಪುಡಿ ಬಿದ್ದಿದೆ. ಮೇಲೆ ನೋಡಿದೆ. ಒಣಗಿದ ಕೊಂಬೆಯ ಅಡಿಭಾಗದಲ್ಲಿ ಎಂಟಾಣೆ ಕಾಸಿಗಿಂತ ಸ್ವಲ್ಪ ದೊಡ್ಡ ತೂತು. ಅದರೊಳಗಿಂದ ಹಸಿರು ಹಕ್ಕಿಯ ಬಾಲ ಹೊರಗೆ ಕಾಣುತ್ತಿದೆ. ಟಕ್ ಟಕ್ ಟಕ್. ಆಮೇಲೆ ತಲೆ ಹೊರಗೆ ಹಾಕಿ ಬಾಯ್ತುಂಬ ಪುಡಿ ಉಗುಳಿತು. ಕುಟ್ರು ಹಕ್ಕಿ. ಇನ್ನೊಂದು ಪಕ್ಕದ ಗೋಣಿಮರದಲ್ಲಿ ಕೂತು ‘ಕುಟ್ರೂ ಕುಟ್ರೂ’ ಅನ್ನುತ್ತಿತ್ತು. ಸ್ವಲ್ಪ ಹೊತ್ತಿಗೆ ಅದು ಬಂತು, ಇದು ಹೋಯಿತು. ಪಾಳಿ ಬದಲಾಯಿತು.

ನಾವು ಇಪ್ಪತ್ತು ನಿಮಿಷ ನಿಂತಿದ್ದೆವು. ಒಲೆ ಮೇಲಿನ ಹಾಲು ಉಕ್ಕಿ ಹೋಯಿತು. ನಾನು ಅವರ ಹೆಗಲ ಮೇಲಿನ ಪುಡಿ ಕೊಡವಿದೆ. ಜಗಳ ಅಲ್ಲಿಗೆ ಮುಗಿಯಿತು. ಯಾರೂ ಸಾರಿ ಕೇಳಲಿಲ್ಲ.

ಅವತ್ತಿನಿಂದ ನಾವು ಈ ಒಂದೂವರೆ ತಿಂಗಳನ್ನು, ಸಂಕ್ರಾಂತಿಯಿಂದ ಶಿವರಾತ್ರಿಯವರೆಗೆ, ನಮಗೇ ಅಂತ ಇಟ್ಟುಕೊಂಡಿದ್ದೇವೆ. ಹೇಗೆ ಮಾಡುವುದು ಅಂತ ಕೇಳಿದವರಿಗೆಲ್ಲ ಬಾಯಲ್ಲಿ ಹೇಳಿ ಸಾಕಾಗಿದೆ, ಅದಕ್ಕೇ ಬರೆಯುತ್ತಿದ್ದೇನೆ. ತೋಟ ಬೇಕು ಅಂತೇನಿಲ್ಲ. ಹಾಸನದಲ್ಲೋ ಚಿಕ್ಕಮಗಳೂರಿನಲ್ಲೋ ಸೈಟಿನ ಮನೆ, ನಾಲ್ಕು ಕುಂಡ, ಒಂದು ಕರಿಬೇವಿನ ಗಿಡ ಇದ್ದರೂ ಆಗುತ್ತದೆ.

ಮೊದಲು ಒಂದು ಜಾಗ, ಒಂದು ಹೊತ್ತು

ಇಬ್ಬರಿಗೂ ಪಕ್ಕಪಕ್ಕ ಕೂರಲು ಒಂದು ಜಾಗ ಮಾಡಿಕೊಳ್ಳಿ. ಎದುರು ಬದುರು ಬೇಡ. ಎದುರು ಕೂತರೆ ಒಬ್ಬರ ಮುಖ ಒಬ್ಬರು ನೋಡಬೇಕು, ಬೇಸರವಿದ್ದಾಗ ಅದು ಕಷ್ಟ. ಪಕ್ಕದಲ್ಲಿ ಕೂತರೆ ಇಬ್ಬರೂ ಒಂದೇ ಕಡೆ ನೋಡಬಹುದು. ನಮ್ಮದು ಬಚ್ಚಲುಮನೆ ಹಿಂದಿನ ಸಿಮೆಂಟ್ ಕಟ್ಟೆ. ಚಳಿಗೆ ತಣ್ಣಗಿರುತ್ತದೆ, ಗೋಣಿಚೀಲ ನಾಲ್ಕು ಮಡಿಕೆ ಮಾಡಿ ಹಾಕಿಕೊಳ್ಳುತ್ತೇವೆ. ಬೆನ್ನಿಗೆ ಸೂರ್ಯ ಇರಬೇಕು. ಆಗ ಬೆನ್ನಿಗೆ ಬಿಸಿಲೂ ಬೀಳುತ್ತದೆ, ಎದುರಿನ ಹಕ್ಕಿಯ ಬಣ್ಣವೂ ಚೆನ್ನಾಗಿ ಕಾಣುತ್ತದೆ.

ಹೊತ್ತು ಬೆಳಿಗ್ಗೆ 7.15ರಿಂದ 8. ಮಂಜು ಹರಿದು ಮೊದಲ ಬಿಸಿಲು ಬಿದ್ದಾಗ ಹಕ್ಕಿಗಳೆಲ್ಲ ಮೈ ಕಾಯಿಸಲು ಮರದ ತುದಿಗೆ ಬರುತ್ತವೆ. ಹುಳ ಹುಪ್ಪಟೆ ಏಳುವುದೂ ಆಗಲೇ. ಆ ಮುಕ್ಕಾಲು ಗಂಟೆ ಕಾಫಿ ರೇಟು, ಆಳಿನ ಲೆಕ್ಕ, ಮಗನ ಮದುವೆ ಯಾವುದೂ ಬೇಡ. ಫೋನ್ ಒಳಗಿರಲಿ. ನಾವು ಇದೊಂದನ್ನು ಮಾತ್ರ ಕಟ್ಟುನಿಟ್ಟಾಗಿ ಪಾಲಿಸುತ್ತೇವೆ.

ದುರ್ಬೀನು ಇದ್ದರೆ ಒಳ್ಳೆಯದು. 8×40 ಅಂತ ಬರೆದಿರುವುದು ಹಿತ್ತಲಿಗೆ ಧಾರಾಳ ಸಾಕು. ಎರಡು ಕೊಳ್ಳಬೇಡಿ. ಒಂದೇ ಇರಲಿ. ‘ನೋಡು, ಬಲಗಡೆ ಎರಡನೇ ಕೊಂಬೆ, ಎಲೆ ಹಿಂದೆ’ ಅಂತ ಒಬ್ಬರು ಹೇಳಿ ಇನ್ನೊಬ್ಬರ ಕೈಗೆ ಕೊಡುವುದಿದೆಯಲ್ಲ, ಸಂತೋಷ ಇರುವುದೇ ಅಲ್ಲಿ. ಈಗ ಇವರಿಗೆ ಕನ್ನಡಕದ ನಂಬರ್ ಬೇರೆ, ನನಗೆ ಬೇರೆ. ಪ್ರತಿ ಸಲ ತಿರುಗಿಸಿ ಸರಿ ಮಾಡಿಕೊಳ್ಳಬೇಕು. ಇವರು ನನಗೆ ಕೊಡುವ ಮೊದಲು ನನ್ನ ನಂಬರಿಗೆ ತಿರುಗಿಸಿಯೇ ಕೊಡುತ್ತಾರೆ. ಇದು ನನ್ನ ಗಮನಕ್ಕೆ ಬರಲು ಒಂದು ವರ್ಷ ಬೇಕಾಯಿತು.

ಗುಡಿಸುವುದನ್ನು ಸ್ವಲ್ಪ ಬಿಡಿ, ನೀರು ಇಡಿ

ಆ ಕುಟ್ರು ಹಕ್ಕಿ ಗೂಡು ಮಾಡಿದ್ದು ಒಣಕೊಂಬೆಯಲ್ಲಿ ಅಂದೆನಲ್ಲ. ಅದರ ಹಿಂದಿನ ವರ್ಷ ಅಂಥದ್ದೇ ಎರಡು ಒಣಕೊಂಬೆಯನ್ನು ನಾನೇ ನಿಂತು ಕಡಿಸಿದ್ದೆ. ಸೌದೆಗಾಯಿತು, ನೋಡಲೂ ಅಚ್ಚುಕಟ್ಟು ಅಂತ. ಕೊಂಬೆ ಬಿದ್ದ ಮೇಲೆ ನೋಡಿದರೆ ಒಂದರಲ್ಲಿ ಆಳವಾದ ಪೊಟರೆ, ಒಳಗೆ ಒಡೆದ ಎರಡು ಬಿಳಿ ಮೊಟ್ಟೆ. ಆ ನೋವು ಇವತ್ತಿಗೂ ಇದೆ. ಕುಟ್ರು, ಮರಕುಟಿಗ ಎಲ್ಲ ಗೂಡು ಕೊರೆಯುವುದು ಮೆತ್ತಗಾದ ಒಣಮರದಲ್ಲೇ. ಅವು ಬಿಟ್ಟುಹೋದ ಪೊಟರೆಗೆ ಆಮೇಲೆ ಮಡಿವಾಳ ಹಕ್ಕಿ ಬರುತ್ತದೆ, ಮೈನಾ ಬರುತ್ತದೆ. ಆದ್ದರಿಂದ ಮನೆ ಮೇಲೋ ದಾರಿ ಮೇಲೋ ಬೀಳುವ ಹಾಗಿಲ್ಲದ ಒಣಕೊಂಬೆ ಇದ್ದರೆ ದಯವಿಟ್ಟು ಬಿಡಿ. ಕಡಿಯಲೇಬೇಕಾದರೆ ಮಳೆಗಾಲ ಮುಗಿದ ಮೇಲೆ, ದೀಪಾವಳಿ ಹೊತ್ತಿಗೆ ಕಡಿಯಿರಿ.

ತರಗೆಲೆಯೂ ಹಾಗೇ. ಅಂಗಳ ಗುಡಿಸಿ. ಹಿತ್ತಲ ಮೂಲೆಯಲ್ಲಿ ಒಂದು ಹತ್ತಡಿ ಜಾಗವನ್ನು ಗುಡಿಸದೆ ಬಿಡಿ. ನಮ್ಮಲ್ಲಿ ಆ ಮೂಲೆಗೆ ನವರಂಗ ಬರುತ್ತದೆ. ಹಸಿರು, ನೀಲಿ, ಕೆಂಪು, ಕಪ್ಪು, ಬಿಳಿ ಎಲ್ಲ ಸೇರಿದ ಮೋಟುಬಾಲದ ಹಕ್ಕಿ. ತರಗೆಲೆಯನ್ನು ಕೊಕ್ಕಿನಲ್ಲಿ ಒಂದೊಂದಾಗಿ ಮಗುಚಿ ಹುಳ ಹುಡುಕುತ್ತದೆ, ನಾವು ಪುಸ್ತಕದ ಹಾಳೆ ತಿರುವಿದ ಹಾಗೆ. ಅದು ಹಿಮಾಲಯದ ತಪ್ಪಲಲ್ಲಿ, ಮಧ್ಯ ಭಾರತದ ಕಾಡುಗಳಲ್ಲಿ ಮರಿ ಮಾಡಿ ಚಳಿಗೆ ನಮ್ಮ ಕಡೆ ಬರುವ ಅತಿಥಿ. ಬೇಸಿಗೆ ಬಲಿಯುವಾಗ ಹೊರಟುಹೋಗುತ್ತದೆ. ಕಣದ ಅಂಚಿನಲ್ಲಿ ಬಾಲ ಕುಣಿಸುತ್ತಾ ಓಡಾಡುವ ಬೂದು ಸಿಪಿಲೆಯೂ ಅಷ್ಟೇ, ದೂರದ ಬೆಟ್ಟದ ಹಕ್ಕಿ. ಇವು ಇಲ್ಲಿರುವುದು ಇನ್ನು ಕೆಲವೇ ವಾರ. ನೋಡುವುದಿದ್ದರೆ ಈಗಲೇ ನೋಡಬೇಕು. ತರಗೆಲೆಗೆ ಬೆಂಕಿಯಂತೂ ಹಾಕಲೇಬೇಡಿ. ಈ ಕಾಲದಲ್ಲಿ ಒಂದು ಕಿಡಿ ಸಾಕು, ಪಕ್ಕದ ಕಾಡಿಗೆ ಹತ್ತುತ್ತದೆ.

ನೀರು ಇಡುವುದು ಎಲ್ಲಕ್ಕಿಂತ ಸುಲಭ, ಎಲ್ಲಕ್ಕಿಂತ ಬೇಗ ಫಲ ಕೊಡುವ ಕೆಲಸ. ಫೆಬ್ರವರಿಗೆ ಸಣ್ಣ ಝರಿಗಳು ಇಳಿಮುಖ ಆಗಿರುತ್ತವೆ. ಮಣ್ಣಿನ ಅಗಲವಾದ ತಟ್ಟೆ ತನ್ನಿ. ನೀರು ಎರಡು ಇಂಚಿಗಿಂತ ಆಳ ಬೇಡ, ಸಣ್ಣ ಹಕ್ಕಿ ಕಾಲೂರಿ ನಿಲ್ಲಬೇಕು. ಒಳಗೊಂದು ಒರಟು ಕಲ್ಲು ಇಡಿ. ಪ್ಲಾಸ್ಟಿಕ್ ಜಾರುತ್ತದೆ, ಬೇಡ. ಹಾರಿ ಕೂರಲು ಹತ್ತಿರ ಒಂದು ಗಿಡ ಇರಲಿ, ಆದರೆ ಬೆಕ್ಕು ಅಡಗುವಷ್ಟು ದಟ್ಟ ಪೊದೆ ಆರೇಳು ಅಡಿಯೊಳಗೆ ಇರಬಾರದು. ದಿನಾ ನೀರು ಚೆಲ್ಲಿ, ಉಜ್ಜಿ, ಹೊಸ ನೀರು ಹಾಕಿ. ಹಾಗೆ ಮಾಡಿದರೆ ಸೊಳ್ಳೆಯೂ ಆಗುವುದಿಲ್ಲ.

ಮೂರು ನಾಲ್ಕು ದಿನ ಯಾರೂ ಬರಲಿಕ್ಕಿಲ್ಲ. ಆಮೇಲೆ ಮೊದಲು ಬರುವುದು ಪಿಕಳಾರ, ಜುಟ್ಟು ನಿಮಿರಿಸಿಕೊಂಡು. ಅದರ ಹಿಂದೆ ಬೆಳ್ಗಣ್ಣಗಳ ಗುಂಪು. ಕಣ್ಣಿನ ಸುತ್ತ ಬಿಳಿ ಉಂಗುರ ಇರುವ, ಹೆಬ್ಬೆರಳಷ್ಟು ಹಕ್ಕಿ. ನಾಲ್ಕೈದು ಒಟ್ಟಿಗೆ ಇಳಿದು ನೀರೆರಚಿಕೊಂಡು ಸ್ನಾನ ಮಾಡುತ್ತವೆ. ಹರಟೆಮಲ್ಲಗಳು ಬಂದರೆ ಮಾತ್ರ ತಟ್ಟೆ ಖಾಲಿ, ಗಲಾಟೆ ಜಾಸ್ತಿ. ನನ್ನ ಅತ್ತೆ ಅವುಗಳನ್ನು ಕಂಡಾಗಲೆಲ್ಲ ‘ಬಂತು ನೋಡು ಮದುವೆ ದಿಬ್ಬಣ’ ಅನ್ನುತ್ತಿದ್ದರು.

ಗಿಡ ನೆಡುವ ಆಸೆ ಇದ್ದವರಿಗೆ ಒಂದೆರಡು ಮಾತು. ಕರಿಬೇವಿನಲ್ಲಿ, ನಿಂಬೆಯಲ್ಲಿ ಹಕ್ಕಿ ಹಿಕ್ಕೆಯ ಹಾಗೆ ಕಾಣುವ ಹುಳ ಇದ್ದರೆ ಕಿತ್ತು ಹಾಕಬೇಡಿ. ಅದೇ ಮುಂದೆ ಹಸಿರಾಗಿ, ಕೋಶ ಕಟ್ಟಿ, ಚಿಟ್ಟೆಯಾಗುತ್ತದೆ. ಜಾಗ ಇದ್ದರೆ ಬೇಲಿಗೆ ಈಶ್ವರಿ ಬಳ್ಳಿ ಹಬ್ಬಿಸಿ. ಹಳದಿ ಕಪ್ಪು ರೆಕ್ಕೆಯ ಸದರ್ನ್ ಬರ್ಡ್‌ವಿಂಗ್, ನಮ್ಮ ರಾಜ್ಯದ ಚಿಟ್ಟೆ, ಮೊಟ್ಟೆ ಇಡುವುದು ಅದರ ಮೇಲೆ. ನಾವು ಬಳ್ಳಿ ನೆಟ್ಟು ಎರಡು ವರ್ಷ ಕಾದೆವು. ಬಂದ ದಿನ ಇವರು ಕಣದ ಕೆಲಸ ಬಿಟ್ಟು ಅದರ ಹಿಂದೆ ತೋಟವಿಡೀ ನಡೆದರು.

ಹಿತ್ತಲಿನ ಜೋಡಿಗಳು

ರೊಮ್ಯಾನ್ಸ್ ಅಂದರೆ ಏನು ಅಂತ ಈ ದಿನಗಳಲ್ಲಿ ಹಿತ್ತಲಲ್ಲಿ ಕೂತರೆ ತಿಳಿಯುತ್ತದೆ. ನಮಗೆ ಚಳಿಗಾಲದ ಕೊನೆ ಅಂದರೆ ಸುಸ್ತು. ಅವುಗಳಿಗೆ ಅದು ಜೋಡಿಯಾಗುವ ಕಾಲ. ಯಾರನ್ನು ಎಲ್ಲಿ ಹುಡುಕಬೇಕು ಅಂತ ಹೇಳುತ್ತೇನೆ.

ಮಡಿವಾಳ ಹಕ್ಕಿಯಿಂದ ಶುರು ಮಾಡಿ. ಕಪ್ಪು ಬಿಳುಪು ಗಂಡು, ಕಪ್ಪಿನ ಬದಲು ಬೂದು ಬಣ್ಣದ ಹೆಣ್ಣು. ಚಳಿಗಾಲವಿಡೀ ಅದು ಬೇಲಿ ಕೆಳಗೆ ಮೂಕನಂತೆ ಓಡಾಡಿಕೊಂಡಿರುತ್ತದೆ. ಫೆಬ್ರವರಿ ಬರುತ್ತಿದ್ದಂತೆ ಒಂದು ಬೆಳಿಗ್ಗೆ, ಇನ್ನೂ ಕತ್ತಲಿರುವಾಗಲೇ, ಸಿಲ್ವರ್ ಓಕಿನ ತುದಿಯಲ್ಲಿ ಕೂತು ಹಾಡಲು ಶುರು ಮಾಡುತ್ತದೆ. ಮೊದಲ ಹಾಡು ಕೇಳಿದ ದಿನವನ್ನು ಕ್ಯಾಲೆಂಡರ್‌ನಲ್ಲಿ ಬರೆದಿಡಿ. ನಮ್ಮಲ್ಲಿ ಯಾರು ಮೊದಲು ಕೇಳುತ್ತಾರೋ ಅವರು ಇನ್ನೊಬ್ಬರನ್ನು ಎಬ್ಬಿಸಬೇಕು, ಎಷ್ಟೇ ಚಳಿ ಇರಲಿ. ಗೋಡೆಯ ತೂತು, ಮರದ ಪೊಟರೆ ಎಲ್ಲೆಂದರಲ್ಲಿ ಗೂಡು ಮಾಡುತ್ತದೆ. ಮರದ ಪೆಟ್ಟಿಗೆ ಕಟ್ಟಿದರೂ ಬರುತ್ತದೆ. ಬಣ್ಣ ಬಳಿಯದ ಹಲಗೆ, ಮಳೆ ನೀರು ಬೀಳದ ಕಡೆ, ಬೆಕ್ಕಿಗೆ ಎಟುಕದ ಎತ್ತರ. ಇಷ್ಟಿದ್ದರೆ ಆಯಿತು.

ಈ ಕಾಲದಲ್ಲಿ ಗಂಡು ಮಡಿವಾಳನಿಗೂ ಸೂರಕ್ಕಿಗೂ ಜೀಪಿನ ಕನ್ನಡಿಯಲ್ಲಿ ತನ್ನದೇ ಮುಖ ಕಂಡರೆ ಆಗುವುದಿಲ್ಲ. ಬೇರೆ ಗಂಡು ಬಂತು ಅಂತ ದಿನವಿಡೀ ಕುಕ್ಕುತ್ತವೆ. ಕೊಕ್ಕಿಗೂ ಪೆಟ್ಟು, ಹೊಟ್ಟೆಗೂ ಇಲ್ಲ. ಗಾಡಿ ನಿಲ್ಲಿಸಿದ ಕೂಡಲೇ ಕನ್ನಡಿಗೆ ಬಟ್ಟೆ ಚೀಲ ಹಾಕಿಬಿಡಿ.

ಸೂರಕ್ಕಿಯ ಗೂಡು ಕಟ್ಟುವುದನ್ನು ನೋಡದೆ ಇರಬೇಡಿ. ಹೋದ ವರ್ಷ ನಮ್ಮ ಬಟ್ಟೆ ಒಣಗಿಸುವ ತಂತಿಯ ತುದಿಯಲ್ಲಿ, ನೇತಾಡುತ್ತಿದ್ದ ಹಳೆ ದಾರದ ತುಂಡಿಗೆ ಕಟ್ಟಿತ್ತು. ಕಟ್ಟುವುದು ಹೆಣ್ಣು. ಮೊದಲ ದಿನ ಏನೂ ಕಾಣಲಿಲ್ಲ, ದಾರಕ್ಕೆ ಜೇಡರ ಬಲೆ ಸುತ್ತಿದಷ್ಟೇ. ಹಂಚಿನ ಕೆಳಗಿನ ಜೇಡರ ಬಲೆಯನ್ನು ಕೊಕ್ಕಿಗೆ ಸುತ್ತಿಕೊಂಡು ಬರುತ್ತಿತ್ತು, ನಾವು ಬೆರಳಿಗೆ ನೂಲು ಸುತ್ತಿದ ಹಾಗೆ. ಅದರ ಮೇಲೆ ಒಣಹುಲ್ಲಿನ ಎಳೆ, ತೊಗಟೆಯ ಚೂರು, ಒಣಗಿದ ಎಲೆಯ ನರ. ನಾಲ್ಕೈದು ದಿನಕ್ಕೆ ಉದ್ದನೆ ಚೀಲದ ಆಕಾರ ಬಂತು. ಪಕ್ಕದಲ್ಲಿ ಬಾಗಿಲು, ಬಾಗಿಲ ಮೇಲೆ ಮಳೆ ಬಿಸಿಲು ತಡೆಯಲು ಸಣ್ಣ ಮಾಡು. ನಮ್ಮ ಜಗಲಿಗೆ ಇರುತ್ತದಲ್ಲ, ಅದೇ ಥರ. ಕೊನೆಗೆ ಒಳಗೆ ಹತ್ತಿ ತುಂಬಿತು. ಬೂರುಗದ ಕಾಯಿ ಒಡೆದು ಹತ್ತಿ ಹಾರುವುದು ಸ್ವಲ್ಪ ತಡ, ಹಾಗಾಗಿ ನಾನು ಹಳೆ ದಿಂಬಿನ ಹತ್ತಿ ಚೂರನ್ನು ದಾಸವಾಳದ ಕೊಂಬೆಗೆ ಸಿಕ್ಕಿಸಿಟ್ಟೆ. ಅರ್ಧ ಗಂಟೆಯಲ್ಲಿ ಮಾಯ.

ಇಷ್ಟು ಹೊತ್ತು ಗಂಡು ಏನು ಮಾಡುತ್ತಿತ್ತು ಅಂದರೆ, ಹೆಣ್ಣು ಹೋದಲ್ಲೆಲ್ಲ ಜೊತೆಗೆ ಹೋಗುತ್ತಿತ್ತು. ಬಂದಾಗ ಜೊತೆಗೆ ಬಂದು ತಂತಿಯ ಮೇಲೆ ಕೂತು ಚಿಂವ್ ಚಿಂವ್ ಅನ್ನುತ್ತಿತ್ತು. ಒಂದು ಎಳೆಯನ್ನೂ ತರಲಿಲ್ಲ. ‘ನೋಡ್ರೀ’ ಅಂದೆ. ಇವರು ‘ಮರಿ ಆದ್ಮೇಲೆ ನೋಡು’ ಅಂದರು. ನಿಜವೇ ಆಯಿತು. ಕಾವು ಕೂರುವುದು ಹೆಣ್ಣು, ಸುಮಾರು ಎರಡು ವಾರ. ಮರಿ ಹೊರಬಂದ ಮೇಲೆ ಇಬ್ಬರೂ ಬಿಡುವಿಲ್ಲದೆ ಗುಟುಕು ತಂದರು. ಮರಿಗಳು ಹಾರುವ ತನಕ ನಾವು ಆ ತಂತಿಗೆ ಬಟ್ಟೆ ಹಾಕಲಿಲ್ಲ. ಗೂಡು ಕಂಡರೆ ಹತ್ತಡಿ ದೂರದಲ್ಲೇ ಇರಿ. ಫೋಟೋಗೆ ಅಂತ ಎಲೆ ಸರಿಸಬೇಡಿ, ಫ್ಲಾಶ್ ಹಾಕಬೇಡಿ, ನೆಂಟರನ್ನು ಕರೆದು ತೋರಿಸಬೇಡಿ. ಜನ ಜಾಸ್ತಿ ಸುಳಿದಾಡಿದರೆ ಕಾಗೆಗೂ ಗೊತ್ತಾಗುತ್ತದೆ.

ಅಡಿಕೆ ಮರ ಇದ್ದವರು ಒಂಬತ್ತು ಗಂಟೆ ಬಿಸಿಲಿಗೆ ಕಾಂಡವನ್ನು ಗಮನವಿಟ್ಟು ನೋಡಿ. ತೊಗಟೆಯದೇ ಬಣ್ಣದ ಹಾರುವ ಓತಿ ಅಲ್ಲೇ ಅಂಟಿಕೊಂಡಿರುತ್ತದೆ. ಗಂಡು ಗಂಟಲಿನ ಹಳದಿ ಚೀಲವನ್ನು ಮಡಚಿದ ಕಾಗದ ಬಿಚ್ಚಿದ ಹಾಗೆ ಹೊರಗೆ ಚಾಚುತ್ತದೆ, ಒಳಗೆಳೆಯುತ್ತದೆ, ಮತ್ತೆ ಚಾಚುತ್ತದೆ. ಹೆಣ್ಣು ಕಂಡೂ ಕಾಣದ ಹಾಗೆ ಇರುವೆ ತಿನ್ನುತ್ತಾ ಮೇಲೆ ಹೋಗುತ್ತಿರುತ್ತದೆ. ಆಮೇಲೆ ಪಕ್ಕೆಯ ರೆಕ್ಕೆ ಬಿಚ್ಚಿ ಒಂದು ಮರದಿಂದ ಇನ್ನೊಂದಕ್ಕೆ ತೇಲಿ ಹೋಗುತ್ತವೆ, ಒಂದರ ಹಿಂದೆ ಒಂದು. ಹೆಣ್ಣು ಮಣ್ಣಿಗೆ ಇಳಿಯುವುದು ಹೆಚ್ಚಾಗಿ ಮೊಟ್ಟೆ ಇಡುವುದಕ್ಕೆ. ಅಡಿಕೆ ಬುಡದಲ್ಲಿ ಮಣ್ಣು ಕೆದಕುತ್ತಿರುವ ಓತಿ ಕಂಡರೆ ಆ ದಿನ ಅಲ್ಲಿ ಗುದ್ದಲಿ ಹಾಕಬೇಡಿ.

ನನಗೆ ಎಲ್ಲಕ್ಕಿಂತ ಇಷ್ಟ ಬೂದು ಮಂಗಟ್ಟೆಯ ಜೋಡಿ. ದೊಡ್ಡ ಬಾಗಿದ ಕೊಕ್ಕು, ಯಾರೋ ಗಟ್ಟಿಯಾಗಿ ನಕ್ಕ ಹಾಗೆ ಕೂಗು. ಈ ಕಾಲದಲ್ಲಿ ಹೆಣ್ಣು ಮರದ ಪೊಟರೆಯೊಳಗೆ ಹೋಗಿ ಬಾಯಿಯನ್ನು ತನ್ನ ಹಿಕ್ಕೆಯಿಂದ ಮೆತ್ತಿಕೊಳ್ಳುತ್ತದೆ. ಕೊಕ್ಕಿನ ತುದಿ ತೂರುವಷ್ಟು ಸೀಳು ಮಾತ್ರ ಉಳಿಯುತ್ತದೆ. ಮೊಟ್ಟೆ ಇಟ್ಟು ಮರಿ ಮಾಡುವ ತನಕ ಅದು ಹೊರಗೆ ಬರುವುದಿಲ್ಲ. ವಾರಗಟ್ಟಲೆ, ತಿಂಗಳುಗಟ್ಟಲೆ ಅದರ ಹೊಟ್ಟೆ ಗಂಡಿನ ಕೈಲಿ, ಅಂದರೆ ಕೊಕ್ಕಿನಲ್ಲಿ. ಗಂಡು ಗೋಣಿಹಣ್ಣು, ಬಸರಿಹಣ್ಣು ಗಂಟಲಲ್ಲಿ ತುಂಬಿಕೊಂಡು ಬಂದು ಒಂದೊಂದೇ ತೆಗೆದು ಸೀಳಿನಲ್ಲಿ ಕೊಡುತ್ತದೆ. ಗಂಡಿಗೆ ಏನಾದರೂ ಆದರೆ ಒಳಗಿನ ಜೀವಗಳಿಗೂ ಕುತ್ತು. ತೋಟದ ನೆರಳಿಗೆ ಸಿಲ್ವರ್ ಓಕ್ ಒಂದನ್ನೇ ಹಾಕದೆ ಗೋಣಿ, ಬಸರಿ, ಅತ್ತಿಯನ್ನೂ ಉಳಿಸಿ ಅಂತ ನಾನು ಎಲ್ಲರಿಗೂ ಹೇಳುವುದು ಇದಕ್ಕೇ.

ನನಗೆ ಮೂರು ವರ್ಷದ ಹಿಂದೆ ಸೊಂಟದ ಆಪರೇಷನ್ ಆಗಿ ಒಂದೂವರೆ ತಿಂಗಳು ಹಾಸಿಗೆಯಲ್ಲಿದ್ದೆ. ಇವರಿಗೆ ಅಡುಗೆ ಬರುವುದಿಲ್ಲ. ದಿನಾ ಬೆಳಿಗ್ಗೆ ಗಂಜಿ ಮಾಡಿ ಚಮಚದಲ್ಲಿ ಕೊಡುತ್ತಿದ್ದರು. ಕೊಡುವಾಗ ಒಂದು ದಿನ ಮೆಲ್ಲಗೆ ‘ಮಂಗಟ್ಟೆ’ ಅಂದರು. ಇಬ್ಬರೂ ನಕ್ಕೆವು, ಹೊಲಿಗೆ ನೋಯುವಷ್ಟು.

ಸಂಜೆಗೆ ಏನು ಮಾಡುವುದು

ಚಳಿಗಾಲದ ಸಂಜೆ ಬೇಗ ಕತ್ತಲಾಗುತ್ತದೆ, ಬೇಸರ ಹಿಡಿಯುವುದು ಆ ಹೊತ್ತಿನಲ್ಲೇ. ಟಿವಿ ಹಾಕುವ ಮುಂಚೆ ಬಚ್ಚಲೊಲೆ ಹಾಕಿ. ಹಂಡೆ ನೀರು ಕಾಯುವಾಗ ಒಲೆ ಮುಂದೆ ಎರಡು ಮಣೆ ಹಾಕಿ, ಮಧ್ಯೆ ಒಂದು ಮೊರ ಅವರೆಕಾಯಿ ಇಟ್ಟುಕೊಂಡು ಕೂತುಬಿಡಿ. ಸೊಗಡಿನ ಅವರೆ ಸಿಗುವುದು ಇನ್ನು ಸ್ವಲ್ಪ ದಿನ ಮಾತ್ರ. ಸುಲಿಯುತ್ತಾ ಕೂತರೆ ಮಾತು ತಾನಾಗೇ ಬರುತ್ತದೆ. ಕಾಳನ್ನು ರಾತ್ರಿ ನೆನೆಹಾಕಿ ಬೆಳಿಗ್ಗೆ ಹಿತುಕಬೇಕು. ಹಿತುಕುವ ಕೆಲಸ ಗಂಡಸರಿಗೆ ಕೊಡಿ. ಇವರಿಗೆ ಅದು ಬಹಳ ಇಷ್ಟ, ಸಿಪ್ಪೆಯಿಂದ ಬೇಳೆ ಚಿಮ್ಮಿ ಗೋಡೆಗೆ ಹೋಗುತ್ತದೆ. ಹಿತಕಿದ ಬೇಳೆ ಸಾರು, ಕೆಂಡದ ಮೇಲೆ ಉಬ್ಬಿದ ಅಕ್ಕಿ ರೊಟ್ಟಿ, ಮೇಲೆ ಬೆಣ್ಣೆ. ಇದಕ್ಕಿಂತ ಬೇರೆ ಔಷಧಿ ನನಗೆ ಗೊತ್ತಿಲ್ಲ.

ರಥಸಪ್ತಮಿ ದಿನ ತಪ್ಪಿಸಬೇಡಿ. ಏಳು ಎಕ್ಕದ ಎಲೆಯನ್ನು ತಲೆ, ಭುಜ, ಮಂಡಿ ಮೇಲೆಲ್ಲ ಇಟ್ಟುಕೊಂಡು ಸ್ನಾನ ಮಾಡುವ ಪದ್ಧತಿ ಇದೆಯಲ್ಲ, ನಮ್ಮಲ್ಲಿ ಒಬ್ಬರಿಗೊಬ್ಬರು ಇಡುತ್ತೇವೆ. ಎಲೆ ಕೀಳುವಾಗ ಹಾಲು ಕಣ್ಣಿಗೆ ತಾಗದಂತೆ ನೋಡಿಕೊಳ್ಳಿ. ಎಲೆಯ ಅಡಿಗೆ ಕಪ್ಪು, ಬಿಳಿ, ಹಳದಿ ಪಟ್ಟೆಯ ಹುಳ ಇದ್ದರೆ ಆ ಎಲೆ ಬಿಟ್ಟು ಬೇರೆ ಕೀಳಿ. ಅದು ಕಿತ್ತಳೆ ಬಣ್ಣದ ಚಿಟ್ಟೆಯ ಮರಿ.

ಅದಾಗಿ ಎರಡು ಮೂರು ದಿನಕ್ಕೆ, ರಾತ್ರಿ ಎಂಟರ ಹೊತ್ತಿಗೆ ಅಂಗಳಕ್ಕೆ ಬಂದು ಮೇಲೆ ನೋಡಿ. ಅರ್ಧಕ್ಕಿಂತ ಸ್ವಲ್ಪ ದೊಡ್ಡ ಚಂದ್ರ ಇರುತ್ತಾನೆ, ಅವನ ಆಸುಪಾಸಿನಲ್ಲೇ ಕೆಂಪು ಛಾಯೆಯ ಒಂದು ನಕ್ಷತ್ರ. ಅದೇ ರೋಹಿಣಿ. ಚಂದ್ರನಿಗೆ 27 ಹೆಂಡತಿಯರು, ಅವರಲ್ಲಿ ರೋಹಿಣಿ ಮೇಲೆ ಹೆಚ್ಚು ಪ್ರೀತಿ ಅಂತ ಅಜ್ಜಿ ಕಥೆ ಹೇಳುತ್ತಿದ್ದಳು. ಪಕ್ಕದಲ್ಲೇ ಮುತ್ತಿನ ಗೊಂಚಲಿನ ಹಾಗೆ ಕೃತ್ತಿಕೆ. ಒಂದೇ ಕಂಬಳಿ ಹೊದ್ದುಕೊಂಡು ನಿಲ್ಲಿ. ಸುಮ್ಮನಿದ್ದರೆ ದೂರದಲ್ಲಿ ನತ್ತಿಂಗ ಹಕ್ಕಿ ‘ಚುಕ್ ಚುಕ್ ಚುಕ್’ ಅನ್ನುವುದು ಕೇಳುತ್ತದೆ.

ಜೊತೆಗಾರ ಇಲ್ಲದವರು ಏನು ಮಾಡಬೇಕು ಅಂತ ನನ್ನ ಅತ್ತಿಗೆ ಕೇಳಿದಳು. ಅಣ್ಣ ಹೋಗಿ ಆರು ವರ್ಷ. ಅವಳು ಹಾಸನದಲ್ಲಿ ಎರಡನೇ ಮಹಡಿಯಲ್ಲಿದ್ದಾಳೆ. ಬಾಲ್ಕನಿಯಲ್ಲಿ ನೀರಿನ ತಟ್ಟೆ, ಒಂದು ದಾಸವಾಳ ಇಡಿಸಿದೆ. ಈಗ ದಿನಾ 8 ಗಂಟೆಗೆ ಅವಳೇ ಫೋನ್ ಮಾಡುತ್ತಾಳೆ. ‘ಇವತ್ತು ಟುವ್ವಿ ಬಂದಿತ್ತು ಕಣೇ’ ಅಂತ ಶುರುವಾಗಿ ಅರ್ಧ ಗಂಟೆ. ಮುಂಚೆ ನಾವು ಹಬ್ಬಕ್ಕೊಮ್ಮೆ ಮಾತಾಡುತ್ತಿದ್ದೆವು.

ಒಂದು ದಿನ ಹೊರಗೆ, ಸ್ವಲ್ಪ ಎಚ್ಚರ

ದೂರ ಹೋಗುವುದು ಬೇಡ. ಬೇಲೂರಿಗೆ ಹೋಗಿ. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ ದೇವಸ್ಥಾನ, 2023ರಲ್ಲಿ ವಿಶ್ವ ಪರಂಪರೆ ಪಟ್ಟಿಗೆ ಸೇರಿತು. ನಾವೆಲ್ಲ ಶಾಲೆಯಲ್ಲಿ ಪ್ರವಾಸ ಹೋಗಿ ದರ್ಪಣ ಸುಂದರಿಯನ್ನು ನೋಡಿ ಬಂದವರೇ. ಈ ಸಲ ಹಕ್ಕಿ ನೋಡುವ ದುರ್ಬೀನು ತೆಗೆದುಕೊಂಡು ಹೋಗಿ. ಮದನಿಕೆಯರು ಇರುವುದು ಸೂರಿನ ಕೆಳಗೆ, ಬರಿಗಣ್ಣಿಗೆ ಕೆಲಸ ಪೂರ್ತಿ ಕಾಣುವುದಿಲ್ಲ. ಒಬ್ಬಳ ಕೈಮೇಲೆ ಗಿಳಿ ಇದೆ. ಒಬ್ಬಳ ಸೀರೆಯನ್ನು ಕೋತಿ ಎಳೆಯುತ್ತಿದೆ. ಇನ್ನೊಬ್ಬಳ ತಲೆ ಮೇಲಿನ ಬಳ್ಳಿಯಲ್ಲಿ ಹಣ್ಣಿನ ಮೇಲೆ ಒಂದು ನೊಣ, ಅದನ್ನು ಹಿಡಿಯಲು ಹೊಂಚು ಹಾಕಿದ ಹಲ್ಲಿ. ಇದನ್ನು ಹುಡುಕಲು ನಮಗೆ ಮುಕ್ಕಾಲು ಗಂಟೆ ಹಿಡಿಯಿತು. ಸಿಕ್ಕಾಗ ಇವರು ನನ್ನ ಕೈ ಹಿಡಿದು ಎಳೆದರು. ದೇವಸ್ಥಾನದಲ್ಲಿ, ಅಷ್ಟು ಜನರೆದುರು. ನೆನೆಸಿಕೊಂಡರೆ ಈಗಲೂ ಖುಷಿಯಾಗುತ್ತದೆ.

ತರೀಕೆರೆ ಕಡೆಯವರು ಲಕ್ಕವಳ್ಳಿಗೆ ಹೋಗಬಹುದು. ಭದ್ರಾ ಹಿನ್ನೀರು ಇಳಿಯುತ್ತಾ ಬಂದಂತೆ ನಡುಗಡ್ಡೆ ಮೇಲೇಳುತ್ತವೆ, ಅಲ್ಲಿ ರಿವರ್ ಟರ್ನ್ ಹಕ್ಕಿಗಳು ಸೇರುತ್ತವೆ. ಗಂಡು ಮೀನು ಹಿಡಿದು ತಂದು ಹೆಣ್ಣಿನ ಎದುರು ಹಿಡಿಯುತ್ತದೆ. ಒಪ್ಪಿದರೆ ತಿನ್ನುತ್ತದೆ.

ಈ ಕಾಲಕ್ಕೆ ಎರಡು ಎಚ್ಚರ ಬೇಕೇ ಬೇಕು. ಒಂದು ಉಣುಗು. ಮಂಗನ ಕಾಯಿಲೆಯನ್ನು 1957ರಲ್ಲಿ ಮೊದಲು ಗುರುತಿಸಿದ್ದು ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ. ನಮ್ಮ ಕೊಪ್ಪ, ಎನ್.ಆರ್.ಪುರ, ಶೃಂಗೇರಿ ಕಡೆಯೂ ಕಾಣಿಸಿಕೊಂಡಿದೆ. ಅದು ಹರಡುವುದು ಚಳಿಗಾಲದಿಂದ ಮಳೆ ಬರುವ ತನಕ, ಉಣುಗಿನಿಂದ. ಕಾಡಂಚಿಗೆ ಹೋಗುವಾಗ ತುಂಬುತೋಳು, ಉದ್ದ ಪ್ಯಾಂಟು, ಉಣುಗು ಹತ್ತದಂತೆ ಹಚ್ಚಿಕೊಳ್ಳಲು ಆರೋಗ್ಯ ಇಲಾಖೆ ಕೊಡುವ ಡೆಪಾ ಎಣ್ಣೆ. ಬಂದ ಕೂಡಲೇ ಬಿಸಿನೀರು ಸ್ನಾನ, ಬಟ್ಟೆ ಬೇರೆ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಇಲಾಖೆಗೆ ತಿಳಿಸಿ. ಕಾಡಿಗೆ ಹೋಗಿ ಬಂದ ಮೇಲೆ ಜ್ವರ ಬಂದರೆ ಡಾಕ್ಟರಿಗೆ ಆ ವಿಷಯ ಹೇಳಿ.

ಎರಡನೆಯದು ಆನೆ. ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆ ಕಡೆಯವರಿಗೆ ನಾನು ಹೇಳಬೇಕಾಗಿಲ್ಲ. ಆನೆ ಇದೆ ಅಂತ ಮೆಸೇಜ್ ಬಂದ ದಿನ, ಅಕ್ಕಪಕ್ಕದವರು ಹೇಳಿದ ದಿನ, ಬೆಳಗಿನ ನಡಿಗೆ ಬೇಡ. ಹಿತ್ತಲ ಕಟ್ಟೆಯೇ ಸಾಕು.

ಹೂಮಳೆ ಬಿದ್ದ ಮೇಲೆ

ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಓಡಿಹೋಗುತ್ತೆ ಅನ್ನುತ್ತಾರೆ. ಓಡುವಾಗ ಅದು ಒಂದು ಉಡುಗೊರೆ ಬಿಟ್ಟು ಹೋಗುತ್ತದೆ. ಕಾಫಿ ಹೂವು.

ಹೂಮಳೆ, ಅಂದರೆ ಕಾಫಿ ಹೂ ಅರಳಿಸುವ ಮಳೆ, ಬಿದ್ದರೆ, ಇಲ್ಲವೇ ರೊಬಸ್ಟಾಗೆ ಸ್ಪ್ರಿಂಕ್ಲರ್ ಹಾಕಿದರೆ, ಒಣಗಿ ಕೂತಿದ್ದ ಮೊಗ್ಗು ಉಬ್ಬಲು ಶುರುವಾಗುತ್ತದೆ. ಎಂಟರಿಂದ ಹತ್ತು ದಿನ ಎಣಿಸಿ. ಹಿಂದಿನ ಸಂಜೆ ಮೊಗ್ಗು ಮೇಣದಬತ್ತಿಯ ತುದಿಯ ಹಾಗೆ ಬೆಳ್ಳಗೆ, ನೆಟ್ಟಗೆ ಆಗಿರುತ್ತದೆ. ಅದನ್ನು ನೋಡಿದರೆ ನಾಳೆಯೇ ಅಂತ ತಿಳಿಯಿರಿ. ಬೆಳಿಗ್ಗೆ ಇಡೀ ತೋಟ ಬೆಳ್ಳಗೆ, ಮಲ್ಲಿಗೆ ಪರಿಮಳ. ಇರುವುದು ಎರಡು ಮೂರು ದಿನ ಅಷ್ಟೇ.

ಅರೇಬಿಕಾ ಹೂವಿಗೆ ತನ್ನದೇ ಪರಾಗ ಸಾಕು. ರೊಬಸ್ಟಾ ಹಾಗಲ್ಲ. ಒಂದೇ ಗಿಡ ಒಂಟಿಯಾಗಿದ್ದರೆ ಕಾಯಿ ಕಟ್ಟುವುದಿಲ್ಲ, ಇನ್ನೊಂದು ಗಿಡದ ಪರಾಗ ಬೇಕು. ಅದನ್ನು ಗಾಳಿ ತರುತ್ತದೆ, ಜೇನು ತರುತ್ತದೆ. ಹೂ ಬಿಟ್ಟ ಬೆಳಿಗ್ಗೆ ತೋಟದೊಳಗೆ ಕಾಲಿಟ್ಟರೆ ಮೊದಲು ಕೇಳುವುದೇ ತುಡುವೆ, ಹೆಜ್ಜೇನಿನ ಗುಂಯ್ ಅನ್ನುವ ಸದ್ದು. ಆದ್ದರಿಂದ ಹೂವಿನ ದಿನಗಳಲ್ಲಿ ಯಾವ ಔಷಧಿಯನ್ನೂ ಸಿಂಪಡಿಸಬೇಡಿ. ನೀವೂ ಸೆಂಟು ಹಾಕಿಕೊಂಡು ಹೋಗಬೇಡಿ, ಬೀಡಿ ಸಿಗರೇಟು ಹಚ್ಚಬೇಡಿ, ಹೆಜ್ಜೇನು ಕಟ್ಟಿರುವ ಮರದ ಕೆಳಗೆ ನಿಲ್ಲಬೇಡಿ. ಮೆಲ್ಲಗೆ ನಡೆದರೆ ಅವು ಅವುಗಳ ಪಾಡಿಗೆ ಇರುತ್ತವೆ.

ಹೊರಡಬೇಕಾದದ್ದು 6.30ಕ್ಕೆ, ಬೆಳಕು ಹರಿಯುವಾಗ. ತೋಟ ಇಲ್ಲದವರು ಗೊತ್ತಿರುವವರ ತೋಟಕ್ಕೆ ಹೇಳಿ ಹೋಗಿ, ಯಾರೂ ಬೇಡ ಅನ್ನುವುದಿಲ್ಲ. ಕಾಲಿಗೆ ಬೂಟು. ಫ್ಲಾಸ್ಕಿನಲ್ಲಿ ಕಾಫಿ, ಬೆಲ್ಲ ಹಾಕಿದ್ದು. ಹೂವು ಕೀಳಬೇಡಿ, ಒಂದು ಹೂವು ಒಂದು ಕಾಯಿ. ಉದುರಿದ್ದು ಬೇಕಾದರೆ ಆರಿಸಿಕೊಳ್ಳಿ. ಹೋದ ವರ್ಷ ಇವರು ಉದುರಿದ ಹೂಗಳನ್ನು ಬೊಗಸೆಯಲ್ಲಿ ತಂದು ನನ್ನ ಶಾಲಿನ ಮಡಿಕೆಗೆ ಹಾಕಿದ್ದರು. ಒಣಗಿ ಕಂದು ಬಣ್ಣಕ್ಕೆ ತಿರುಗಿದರೂ ಒಂದೆರಡು ದಿನ ಬೀರು ತೆಗೆದಾಗೆಲ್ಲ ವಾಸನೆ ಬರುತ್ತಿತ್ತು.

ಈ ವರ್ಷ ಕೆರೆ ಪಕ್ಕದ ರೊಬಸ್ಟಾಗೆ ಸ್ಪ್ರಿಂಕ್ಲರ್ ಹಾಕಿ ಇವತ್ತಿಗೆ ಐದು ದಿನ. ಮಧ್ಯಾಹ್ನ ಹಾಲಿನ ಲೆಕ್ಕ ಬರೆಯಲು ಕ್ಯಾಲೆಂಡರ್ ನೋಡಿದೆ. ಬರುವ ಮಂಗಳವಾರದ ಸುತ್ತ ಪೆನ್ಸಿಲಿನ ಒಂದು ಸೊನ್ನೆ ಇದೆ. ಹಾಕಿದ್ದು ನಾನಲ್ಲ.